ಕೊಯ್ಯದೆ ಸುಡುವ ಶಬ್ದ: ಪ್ರಾಸ್ಟೇಟ್ ಚಿಕಿತ್ಸೆಯ ಹಾದಿ, ನಮ್ಮ ಘಟ್ಟದ ಗಂಡಸರು

ಸ್ಕ್ಯಾನಿಂಗ್ ಅಂದರೆ ನಮ್ಮ ಕಡೆ ಬಸುರಿ ಹೆಂಗಸರ ಪರೀಕ್ಷೆ ಅಂತಲೇ ಲೆಕ್ಕ. ಸಕಲೇಶಪುರವಿರಲಿ, ಹಾಸನವಿರಲಿ, ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು ಕಾಣುತ್ತದೆ. ಆ ಯಂತ್ರ ಹೊರಡಿಸುವ, ಕಿವಿಗೆ ಕೇಳದ ಶಬ್ದ ಮೈಗೆ ಏನೂ ಮಾಡದೆ ಒಳಗಿನ ಚಿತ್ರ ಕೊಡುತ್ತದೆ. ಅದೇ ಜಾತಿಯ ಶಬ್ದವನ್ನು ಜೋರು ಮಾಡಿ ಒಂದೇ ಬಿಂದುವಿಗೆ ಕೂಡಿಸಿದರೆ ಅದು ಮಾಂಸವನ್ನು ಬೇಯಿಸುತ್ತದೆ. ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಟ್ಟ ನೆನಪು ಎಲ್ಲರಿಗೂ ಇರುತ್ತದೆ. ಕೆಲಸ ಹೆಚ್ಚುಕಡಿಮೆ ಅದೇ.

ಗಂಡಸರ ಪ್ರಾಸ್ಟೇಟ್ ಕ್ಯಾನ್ಸರಿಗೆ ಈ ಶಬ್ದದಿಂದ ಮಾಡುವ ಚಿಕಿತ್ಸೆಯ ಹೆಸರು ಹೈ ಇಂಟೆನ್ಸಿಟಿ ಫೋಕಸ್ಡ್ ಅಲ್ಟ್ರಾಸೌಂಡ್. ಚಿಕ್ಕದಾಗಿ ಹೈಫು. ಮೊಬೈಲಿನಲ್ಲಿ ಇದರ ವಿಡಿಯೊ, ಜಾಹೀರಾತು ಬರುತ್ತಿರುತ್ತವೆ. ಕೊಯ್ಯುವುದಿಲ್ಲ, ರಕ್ತವಿಲ್ಲ, ಮರುದಿನ ಮನೆಗೆ ಎಂದು ಹೇಳುತ್ತವೆ. ಇದರಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಮಾತು ಮಾತ್ರ ಇದೆ. ಉಳಿದರ್ಧ ತಿಳಿಯಬೇಕಾದರೆ ಈ ಚಿಕಿತ್ಸೆ ಎಲ್ಲಿಂದ ಬಂತು, ಯಾಕೆ ಬಂತು ಎಂದು ನೋಡಬೇಕು. ಮನೆಯಲ್ಲಿ 60 ದಾಟಿದ ಅಪ್ಪನೋ ಮಾವನೋ ಇರುವವರು ಪೂರ್ತಿ ಓದಿ, ಅವರಿಗೂ ಓದಿ ಹೇಳಿ.

ರಾತ್ರಿ ನಾಲ್ಕು ಸಲ ಏಳುವ ಕಾಯಿಲೆ

ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಚೀಲದ ಬುಡದಲ್ಲಿ ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುತ್ತದೆ. ಹರೆಯದಲ್ಲಿ ಅಡಿಕೆಗಿಂತ ಸ್ವಲ್ಪ ದೊಡ್ಡದಿರುತ್ತದೆ. ವಯಸ್ಸಾದಂತೆ ಬೆಳೆಯುತ್ತದೆ, ಬೆಳೆದರೆ ನಾಳವನ್ನು ಒತ್ತುತ್ತದೆ. ಆಗ ಮೂತ್ರ ಸಣ್ಣಗೆ ಬರುತ್ತದೆ, ಪೂರ್ತಿ ಖಾಲಿಯಾಗುವುದಿಲ್ಲ, ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ.

ಹೆತ್ತೂರು, ಯಸಳೂರು, ಹಾನುಬಾಳು ಕಡೆಯಾಗಲಿ, ಆಲೂರಿನ ಪಾಳ್ಯ, ಮಗ್ಗೆ, ಕೆ. ಹೊಸಕೋಟೆ ಕಡೆಯಾಗಲಿ, ರಾತ್ರಿ ಏಳುವುದೆಂದರೆ ಬರೀ ನಿದ್ದೆ ಕೆಡುವ ಮಾತಲ್ಲ. ಶೌಚಾಲಯ ಹೊರಗಿರುವ ಮನೆಗಳಲ್ಲಿ ಬಾಗಿಲು ತೆಗೆಯುವ ಮೊದಲು ಟಾರ್ಚ್ ಬಿಟ್ಟು ಆನೆ ಇದೆಯೇ ಎಂದು ನೋಡಬೇಕು. ಹಾಗಿದ್ದರೂ ಹೇಳಿಕೊಳ್ಳುವವರು ಕಡಿಮೆ. ವಯಸ್ಸಾಯ್ತು, ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುತ್ತಾರೆ. ಸೊಸೆಯ ಎದುರು ಹೇಳಲು ನಾಚಿಕೆ, ಮಗನ ಎದುರು ಹೇಳಲು ಬಿಗುಮಾನ.

ಒಂದು ವಿಷಯ ಇಲ್ಲೇ ಸ್ಪಷ್ಟವಾಗಲಿ. ಗ್ರಂಥಿ ದೊಡ್ಡದಾಗುವುದು ಬೇರೆ, ಅದರಲ್ಲಿ ಕ್ಯಾನ್ಸರ್ ಹುಟ್ಟುವುದು ಬೇರೆ. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು, ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಬೆನ್ನುಮೂಳೆ, ಸೊಂಟದಲ್ಲಿ ನೋವು ಬಂದು ಪರೀಕ್ಷೆ ಮಾಡಿಸುವ ಹೊತ್ತಿಗೆ ಅದು ಮೂಳೆಗೆ ಹರಡಿರಬಹುದು. ಹೈಫು ಆ ಹಂತದ ಚಿಕಿತ್ಸೆ ಅಲ್ಲ.

ಹಳೆಯ ಚಿಕಿತ್ಸೆಗಳು, ಅವು ಕೇಳಿದ ಬೆಲೆ

ಮೂತ್ರ ಕಟ್ಟುವ ಕಾಯಿಲೆ ನಮ್ಮವರಿಗೆ ಹೊಸದಲ್ಲ. ಸುಶ್ರುತ ಸಂಹಿತೆ ಇದನ್ನು ಮೂತ್ರಾಘಾತ ಎಂದು ಕರೆದು ಬಗೆ ಬಗೆಯಾಗಿ ವಿಂಗಡಿಸಿದೆ. ಕಲ್ಲಿನಂತೆ ಗಟ್ಟಿಯಾದ ಉಬ್ಬು ದಾರಿ ಕಟ್ಟುವ ವಾತಾಷ್ಠೀಲ ಅವುಗಳಲ್ಲೊಂದು.

ಗ್ರಂಥಿಯನ್ನು ಕೊಯ್ದು ತೆಗೆಯುವ ಕಾಲ ಶುರುವಾದದ್ದು 20ನೇ ಶತಮಾನದ ಹೊಸ್ತಿಲಲ್ಲಿ. ಅದರಲ್ಲಿ ಹೆಸರು ಮಾಡಿದ ಪೀಟರ್ ಫ್ರೇಯರ್ ಎಂಬ ಐರಿಷ್ ವೈದ್ಯ ಸುಮಾರು 20 ವರ್ಷ ಭಾರತದಲ್ಲಿ ಸರ್ಕಾರಿ ವೈದ್ಯನಾಗಿದ್ದವನು. ಇಲ್ಲಿ ಮೂತ್ರಚೀಲದ ಕಲ್ಲು ತೆಗೆದು ಕೈ ಪಳಗಿಸಿಕೊಂಡವನು ಲಂಡನ್‌ಗೆ ಮರಳಿದ. 1900ರ ಕೊನೆಯಲ್ಲಿ ಹೊಟ್ಟೆಯ ಕೆಳಭಾಗ ಕೊಯ್ದು, ಬೆರಳಿನಿಂದ ಗ್ರಂಥಿಯನ್ನು ಬಿಡಿಸಿ ತೆಗೆಯತೊಡಗಿದ. 1904ರಲ್ಲಿ ಅಮೆರಿಕದ ಹ್ಯೂ ಯಂಗ್ ಕ್ಯಾನ್ಸರಿಗಾಗಿಯೇ ಇಡೀ ಗ್ರಂಥಿಯನ್ನು ತೆಗೆದ. 1926ರಲ್ಲಿ ನ್ಯೂಯಾರ್ಕಿನ ಸ್ಟರ್ನ್ ಮೂತ್ರದ ದಾರಿಯಲ್ಲೇ ಸಲಕರಣೆ ಇಳಿಸಿ ಒಳಗಿಂದ ಕೊರೆಯುವ ಸಾಧನ ಮಾಡಿದ. ಇವತ್ತು ಊರಲ್ಲಿ ‘ದೂರದರ್ಶಕ ಹಾಕಿ ಪ್ರಾಸ್ಟೇಟ್ ಕೊರೆಸಿದರು’ ಎನ್ನುತ್ತಾರಲ್ಲ, ಆ ಟಿಯುಆರ್‌ಪಿ ಆಪರೇಷನ್ನಿನ ಮೂಲ ಅದು. ಬೆಳೆದ ಗ್ರಂಥಿಗೆ ಈಗಲೂ ನಂಬಿಕೆಯ ಚಿಕಿತ್ಸೆ ಅದೇ.

1941ರಲ್ಲಿ ಚಾರ್ಲ್ಸ್ ಹಗಿನ್ಸ್ ಇನ್ನೊಂದು ಸತ್ಯ ತೋರಿಸಿದ. ಗಂಡಸಿನ ಹಾರ್ಮೋನು ನಿಲ್ಲಿಸಿದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಕುಗ್ಗುತ್ತದೆ. ಅದಕ್ಕೆ 1966ರಲ್ಲಿ ನೊಬೆಲ್ ಸಿಕ್ಕಿತು. ಹರಡಿದ ಕ್ಯಾನ್ಸರಿಗೆ ಇವತ್ತು ಕೊಡುವ ಹಾರ್ಮೋನು ಇಂಜೆಕ್ಷನ್ ಆ ದಾರಿಯದ್ದು.

ಇವೆಲ್ಲ ಜೀವ ಉಳಿಸಿದವು, ಆದರೆ ಬೆಲೆಯನ್ನೂ ಕೇಳಿದವು. ಪ್ರಾಸ್ಟೇಟಿನ ಎರಡೂ ಬದಿಗೆ ಕೂದಲೆಳೆಯಂಥ ನರಗಳು ಅಂಟಿಕೊಂಡು ಹೋಗುತ್ತವೆ. ಗಂಡಸಿಗೆ ನಿಮಿರುವ ಶಕ್ತಿ ಕೊಡುವುದು ಅವೇ. ಮೂತ್ರ ತಡೆಯುವ ಸ್ನಾಯು ಸ್ವಲ್ಪ ಕೆಳಗಿದೆ, ಹಿಂದೆಯೇ ಗುದನಾಳವಿದೆ. ಇಡೀ ಗ್ರಂಥಿ ತೆಗೆದಾಗ ಅಥವಾ ವಿಕಿರಣ ಕೊಟ್ಟಾಗ ಇವುಗಳಿಗೂ ಪೆಟ್ಟು ಬೀಳುತ್ತಿತ್ತು. 1982ರಲ್ಲಿ ಅಮೆರಿಕದ ಪ್ಯಾಟ್ರಿಕ್ ವಾಲ್ಶ್ ಆ ನರಗಳನ್ನು ಉಳಿಸಿ ಕೊಯ್ಯುವ ಕ್ರಮ ತಂದ ಮೇಲೆ ಪರಿಸ್ಥಿತಿ ಸುಧಾರಿಸಿತು, ಸಮಸ್ಯೆ ಪೂರ್ತಿ ಹೋಗಲಿಲ್ಲ. ಕ್ಯಾನ್ಸರ್ ಇರುವ ಜಾಗವನ್ನಷ್ಟೇ ಸುಟ್ಟು ಉಳಿದದ್ದನ್ನು ಬಿಡಲು ಆಗುವುದಿಲ್ಲವೇ ಎಂಬ ಪ್ರಶ್ನೆಯಿಂದ ಹುಟ್ಟಿದ್ದು ಹೈಫು.

ಜಲಾಂತರ್ಗಾಮಿಯಿಂದ ಆಸ್ಪತ್ರೆಗೆ

ಶಬ್ದದ ಕಥೆ ವೈದ್ಯರಿಂದ ಶುರುವಾಗಲಿಲ್ಲ. 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಕಂಡರು. ಅಂಥ ಹರಳಿಗೆ ವಿದ್ಯುತ್ ಕೊಟ್ಟರೆ ಅದು ನಡುಗಿ ಶಬ್ದ ಹೊರಡಿಸುತ್ತದೆ. ಮೊದಲ ಮಹಾಯುದ್ಧದಲ್ಲಿ ಪಾಲ್ ಲಾಂಜೆವಿನ್ ಇದನ್ನೇ ಬಳಸಿ ನೀರೊಳಗಿನ ಜಲಾಂತರ್ಗಾಮಿಗಳನ್ನು ಹುಡುಕಲು ಹೊರಟ. ಆಗ ಆ ಶಬ್ದದ ದಾರಿಗೆ ಬಂದ ಮೀನುಗಳು ಸತ್ತವು, ಕೈ ಇಟ್ಟರೆ ನೋವಾಯಿತು. ಕೇಳದ ಶಬ್ದಕ್ಕೆ ಜೀವಕೋಶವನ್ನು ಕೊಲ್ಲುವ ಶಕ್ತಿ ಇದೆ ಎಂಬುದು ತಿಳಿದದ್ದು ಹೀಗೆ. 1927ರಲ್ಲಿ ಅಮೆರಿಕದ ವುಡ್ ಮತ್ತು ಲೂಮಿಸ್ ಇದನ್ನು ಪ್ರಯೋಗಾಲಯದಲ್ಲಿ ವಿವರವಾಗಿ ಪರೀಕ್ಷಿಸಿದರು.

ಈ ಕಥೆ ಬೆಂಗಳೂರಿನ ಮೂಲಕವೂ ಹಾದುಹೋಗಿದೆ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸರ್ ಸಿ. ವಿ. ರಾಮನ್ ಮತ್ತು ಅವರ ಜೊತೆಗಿದ್ದ ಎನ್. ಎಸ್. ನಾಗೇಂದ್ರನಾಥ್ 1935-36ರಲ್ಲಿ ಸಾಲಾಗಿ ಪ್ರಬಂಧ ಪ್ರಕಟಿಸಿದರು. ದ್ರವದಲ್ಲಿ ಇಂಥ ಶಬ್ದ ಹರಿಯುವಾಗ ಅದರ ಮೂಲಕ ಹಾಯುವ ಬೆಳಕು ಹೇಗೆ ಚದುರುತ್ತದೆ ಎಂಬುದು ಅವುಗಳ ವಿಷಯ. ಜಗತ್ತು ಇದನ್ನು ರಾಮನ್-ನಾಥ್ ಸಿದ್ಧಾಂತ ಎನ್ನುತ್ತದೆ. ಅವರು ರೋಗಿಗಳಿಗಾಗಿ ಬರೆದವರಲ್ಲ. ಆದರೆ ಕಿವಿಗೆ ಕೇಳದ ಅಲೆಯನ್ನು ಬೆಳಕಿನಿಂದ ಹಿಡಿದು ನೋಡುವುದರ ಲೆಕ್ಕ ಅದರಲ್ಲಿತ್ತು.

1942ರಲ್ಲಿ ಅಮೆರಿಕದ ಲಿನ್ ಮತ್ತು ಸಂಗಡಿಗರು ಶಬ್ದವನ್ನು ಒಂದು ಬಿಂದುವಿಗೆ ಕೂಡಿಸಿ, ಮೇಲಿನ ಪದರ ಕೆಡದಂತೆ ಒಳಗಿನ ಮಾಂಸವನ್ನು ಸುಡಬಹುದು ಎಂದು ತೋರಿಸಿದರು. 1950ರ ದಶಕದಲ್ಲಿ ಫ್ರೈ ಸಹೋದರರು ಇದನ್ನು ಮಿದುಳಿನ ಕಾಯಿಲೆಗೆ ಒಯ್ದರು. ಮೂಳೆ ಶಬ್ದಕ್ಕೆ ಅಡ್ಡ ಬಂದು ತಲೆಬುರುಡೆಯ ಒಂದು ತುಂಡು ತೆಗೆಯಬೇಕಾಗುತ್ತಿತ್ತು. ಅಲ್ಲದೆ ಶಬ್ದ ಎಲ್ಲಿ ಬೀಳುತ್ತಿದೆ ಎಂದು ನೋಡಲು ಆಗ ಸರಿಯಾದ ಚಿತ್ರ ಇರಲಿಲ್ಲ. ಕಣ್ಣು ಕಾಣದೆ ಕಾಡಿಗೆ ಕೊಳ್ಳಿ ಇಡುವ ಹಾಗಾಯಿತು. ಹೀಗಾಗಿ ಚಿಕಿತ್ಸೆ ದಶಕಗಳ ಕಾಲ ಕಾಯಬೇಕಾಯಿತು.

ಪ್ರಾಸ್ಟೇಟಿಗೆ ಒಂದು ಅನುಕೂಲ ಇತ್ತು. ಅದು ಗುದನಾಳಕ್ಕೆ ತಾಗಿಕೊಂಡೇ ಇದೆ, ನಡುವೆ ಮೂಳೆ ಇಲ್ಲ. 1970ರ ದಶಕದ ಆರಂಭದಲ್ಲೇ ಜಪಾನಿನ ವತಾನಾಬೆ ಗುದದ್ವಾರದ ಮೂಲಕ ಸ್ಕ್ಯಾನಿಂಗ್ ಮಾಡಿ ಪ್ರಾಸ್ಟೇಟಿನ ಚಿತ್ರ ತೆಗೆದಿದ್ದ. ಅದೇ ದಾರಿಯಲ್ಲಿ ಸುಡುವ ಶಬ್ದವನ್ನೂ ಕಳಿಸಿದರೆ ನೋಡುತ್ತಾ ಸುಡಬಹುದು.

ಮೊದಲು ಸೋತದ್ದು, ಆಮೇಲೆ ನಿಂತದ್ದು

1990ರ ದಶಕದಲ್ಲಿ ಹೈಫುವನ್ನು ಮೊದಲು ಬಳಸಿದ್ದು ಬರೀ ಬೆಳೆದ ಪ್ರಾಸ್ಟೇಟಿಗೆ. ಶುರುವಿನಲ್ಲಿ ಮೂತ್ರ ಸಲೀಸಾಯಿತು. ಆದರೆ ಆಸ್ಟ್ರಿಯಾದ ವಿಯೆನ್ನಾದಲ್ಲಿ ನಾಲ್ಕು ವರ್ಷ ಹಿಂಬಾಲಿಸಿ ನೋಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ ಕೊನೆಗೆ ಟಿಯುಆರ್‌ಪಿ ಮಾಡಿಸಿಕೊಂಡಿದ್ದರು. ಹೀಗೆ ಆ ಬಳಕೆ ಹಿಂದೆ ಬಿತ್ತು. ಯಾರಾದರೂ ನಿಮಗೆ ಬರೀ ದೊಡ್ಡದಾದ ಪ್ರಾಸ್ಟೇಟಿಗೆ ಹೈಫು ಮಾಡಿಸಿ ಎಂದರೆ ಈ ಇತಿಹಾಸ ನೆನಪಿರಲಿ.

ಕ್ಯಾನ್ಸರಿನ ದಾರಿ ಬೇರೆಯಾಯಿತು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಆಲ್ಬರ್ಟ್ ಜೆಲೆಟ್ ತಂಡ 1993ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಿಗೆ ಹೈಫು ಆರಂಭಿಸಿತು. ಮೊದಮೊದಲು ಇಡೀ ಗ್ರಂಥಿಯನ್ನೇ ಸುಡುತ್ತಿದ್ದರು. ಎಂಆರ್‌ಐ ಚಿತ್ರ ಚೆನ್ನಾದ ಮೇಲೆ ಗಂಟು ಎಲ್ಲಿದೆ ಎಂದು ತಿಳಿದು ಆ ಭಾಗ ಮಾತ್ರ ಸುಡುವ ಕ್ರಮ ಬಂತು. ಅಮೆರಿಕದ ಔಷಧ ಆಡಳಿತ 2015ರಲ್ಲಿ ಈ ಯಂತ್ರಕ್ಕೆ ಅನುಮತಿ ಕೊಟ್ಟಿತು. ಆದರೆ ಅನುಮತಿಯ ಮಾತು ‘ಪ್ರಾಸ್ಟೇಟ್ ಮಾಂಸವನ್ನು ನಾಶ ಮಾಡಲು’ ಎಂದಿತ್ತು, ‘ಕ್ಯಾನ್ಸರ್ ಗುಣ ಮಾಡಲು’ ಎಂದಿರಲಿಲ್ಲ. ಈ ಎರಡರ ನಡುವಿನ ಅಂತರ ಜಾಹೀರಾತಿನಲ್ಲಿ ಕಾಣುವುದಿಲ್ಲ.

ಚಿಕಿತ್ಸೆಗೆ ಹೋದವರಿಗೆ ಏನೇನು ಆಗುತ್ತದೆ

ಮೊದಲು ಪಿಎಸ್‌ಎ ಎಂಬ ರಕ್ತ ಪರೀಕ್ಷೆ. ಇದು ಏರಿದ್ದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ. ಬೆಳೆದ ಗ್ರಂಥಿಗೂ ಸೋಂಕಿಗೂ ಏರುತ್ತದೆ. ಆಮೇಲೆ ಎಂಆರ್‌ಐ, ಆಮೇಲೆ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ. ಇವು ಮೂರೂ ಇಲ್ಲದೆ ನೇರ ಹೈಫು ಎನ್ನುವ ಕಡೆ ನಿಲ್ಲಬೇಡಿ.

ಕ್ಯಾನ್ಸರ್ ಗ್ರಂಥಿಯೊಳಗೇ ಇರಬೇಕು, ಎಂಆರ್‌ಐಯಲ್ಲಿ ಕಾಣಬೇಕು, ತೀರಾ ಉಗ್ರ ಸ್ವರೂಪದ್ದಾಗಿರಬಾರದು. ಗ್ರಂಥಿ ತುಂಬಾ ದೊಡ್ಡದಿದ್ದರೆ ಅಥವಾ ಒಳಗೆ ಸುಣ್ಣದ ಗಟ್ಟಿ ಇದ್ದರೆ ಶಬ್ದ ತಲುಪುವುದಿಲ್ಲ. ವಿಕಿರಣ ಚಿಕಿತ್ಸೆಯ ನಂತರ ಅಲ್ಲೇ ಮರಳಿ ಬಂದ ಕ್ಯಾನ್ಸರಿಗೂ ಕೆಲವು ಕಡೆ ಹೈಫು ಮಾಡುತ್ತಾರೆ, ಅಂಥವರಿಗೆ ತೊಂದರೆಯ ಸಾಧ್ಯತೆ ಹೆಚ್ಚು.

ಚಿಕಿತ್ಸೆಯ ದಿನ ಎನಿಮಾ ಕೊಟ್ಟು ಹೊಟ್ಟೆ ಖಾಲಿ ಮಾಡಿಸುತ್ತಾರೆ. ಪೂರ್ತಿ ಮತ್ತು ಬರಿಸುತ್ತಾರೆ ಅಥವಾ ಬೆನ್ನಿಗೆ ಅರಿವಳಿಕೆ ಕೊಡುತ್ತಾರೆ. ಗುದದ್ವಾರದಲ್ಲಿ ಬೆರಳಿಗಿಂತ ದಪ್ಪನೆಯ ಸಲಕರಣೆ ಇಡುತ್ತಾರೆ, ಗುದನಾಳ ಸುಡದಂತೆ ಅದರ ಸುತ್ತ ತಣ್ಣೀರು ಹರಿಯುತ್ತಿರುತ್ತದೆ. ಒಂದೊಂದು ಸಲ ಶಬ್ದ ಬಿಟ್ಟಾಗಲೂ ಕೆಲವು ಸೆಕೆಂಡಿನಲ್ಲಿ ಒಂದು ಅಕ್ಕಿಕಾಳಿನಷ್ಟು ಮಾಂಸ ಬೇಯುತ್ತದೆ. ಹೀಗೆ ಕಾಳು ಕಾಳಾಗಿ ಗಂಟಿನ ಜಾಗವನ್ನು ತುಂಬುತ್ತಾ ಹೋಗುತ್ತಾರೆ. ಒಂದರಿಂದ ನಾಲ್ಕು ತಾಸು ಬೇಕಾಗುತ್ತದೆ. ಅದೇ ದಿನ ಅಥವಾ ಮರುದಿನ ಮನೆಗೆ ಕಳಿಸುವುದು ನಿಜ.

ಆದರೆ ಮನೆಗೆ ಬರುವಾಗ ಮೂತ್ರದ ಪೈಪು, ಚೀಲ ಜೊತೆಗೇ ಬರುತ್ತವೆ. ಸುಟ್ಟ ಗ್ರಂಥಿ ಮೊದಲು ಊದಿಕೊಳ್ಳುತ್ತದೆ, ಹಾಗಾಗಿ ಕೆಲವು ದಿನದಿಂದ ಎರಡು ವಾರದವರೆಗೆ ಪೈಪು ಬೇಕಾಗುತ್ತದೆ. ತೆಗೆದ ಮೇಲೂ ಕೆಲವು ವಾರ ಉರಿ, ಅವಸರ, ಸ್ವಲ್ಪ ರಕ್ತ ಇರಬಹುದು, ಮೂತ್ರದಲ್ಲಿ ಸತ್ತ ಮಾಂಸದ ಚೂರುಗಳು ಬರಬಹುದು. ಇದಕ್ಕೆ ಹೆದರಬೇಕಾಗಿಲ್ಲ. ಕಾಫಿ ಮೂಟೆ ಎತ್ತುವುದು, ತೋಟದ ದಾರಿಯಲ್ಲಿ ಬೈಕು, ಜೀಪು ಓಡಿಸುವುದು ವೈದ್ಯರು ಹೇಳುವವರೆಗೆ ಬೇಡ. ಚಳಿಜ್ವರ ಬಂದರೆ, ಮೂತ್ರ ಪೂರ್ತಿ ಕಟ್ಟಿದರೆ, ರಕ್ತದ ದೊಡ್ಡ ಗಡ್ಡೆ ಬಂದರೆ, ಮೂತ್ರದಲ್ಲಿ ಗಾಳಿ ಬಂದರೆ ಅಥವಾ ಮೂತ್ರ ಗುದದ ಕಡೆ ಸೋರಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಕೊನೆಯದು ಅಪರೂಪ, ಆದರೆ ಗಂಭೀರ.

ಇನ್ನು ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ. ನಿಮಿರುವಿಕೆ ಕೆಲವರಿಗೆ ಕಡಿಮೆಯಾಗುತ್ತದೆ, ಆದರೆ ಇಡೀ ಗ್ರಂಥಿ ತೆಗೆಸಿದವರಿಗಿಂತ ಕಡಿಮೆ ಮಂದಿಗೆ. ವೀರ್ಯ ಕಡಿಮೆಯಾಗಬಹುದು ಅಥವಾ ಬಾರದೆ ಇರಬಹುದು. ಮೂತ್ರನಾಳ ಕಿರಿದಾಗಿ ಮತ್ತೆ ಹಿಗ್ಗಿಸಬೇಕಾಗಬಹುದು. ಮೂತ್ರ ಸೋರುವುದು ಅಪರೂಪ. ಬ್ರಿಟನ್ನಿನಲ್ಲಿ 625 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರಶ್ನಾವಳಿಗೆ ಉತ್ತರಿಸಿದವರಲ್ಲಿ ನೂರಕ್ಕೆ 98 ಮಂದಿಗೆ ಪ್ಯಾಡ್ ಬೇಕಾಗಲಿಲ್ಲ. ಐದು ವರ್ಷದ ಲೆಕ್ಕದಲ್ಲಿ ನೂರಕ್ಕೆ 88 ಮಂದಿ ಆಪರೇಷನ್, ವಿಕಿರಣದಂಥ ದೊಡ್ಡ ಚಿಕಿತ್ಸೆಯ ಅಗತ್ಯವಿಲ್ಲದೆ ಇದ್ದರು. ಅಂದರೆ ಉಳಿದ 12 ಮಂದಿಗೆ ಅಷ್ಟಕ್ಕೇ ಮುಗಿಯಲಿಲ್ಲ.

ಮುಗಿಯದ ಚಿಕಿತ್ಸೆ

ಇಲ್ಲಿಗೆ ನಾವು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬಂದೆವು. ಹೈಫು ಗ್ರಂಥಿಯ ಒಂದು ಭಾಗವನ್ನು ಮಾತ್ರ ಸುಡುತ್ತದೆ. ಉಳಿದ ಭಾಗ ಜೀವಂತ ಇರುತ್ತದೆ. ಅದಕ್ಕೇ ನರ ಉಳಿಯುತ್ತದೆ, ಅದಕ್ಕೇ ಪಿಎಸ್‌ಎ ಸೊನ್ನೆಗೆ ಇಳಿಯುವುದಿಲ್ಲ, ಅದಕ್ಕೇ ಉಳಿದ ಜಾಗದಲ್ಲಿ ಮತ್ತೆ ಕ್ಯಾನ್ಸರ್ ಹುಟ್ಟಲೂಬಹುದು. ಲಾಭ ನಷ್ಟ ಎರಡೂ ಒಂದೇ ಬೇರಿನವು. ಆದ್ದರಿಂದ ಮೂರರಿಂದ ಆರು ತಿಂಗಳಿಗೊಮ್ಮೆ ಪಿಎಸ್‌ಎ, ವರ್ಷದೊಳಗೆ ಮತ್ತೆ ಎಂಆರ್‌ಐ, ಹಲವರಿಗೆ ಮತ್ತೆ ಬಯಾಪ್ಸಿ. ಇದು ವರ್ಷಗಟ್ಟಲೆ ನಡೆಯುತ್ತದೆ. ಕೆಲವರಿಗೆ ಎರಡನೇ ಸಲ ಹೈಫು, ಕೆಲವರಿಗೆ ಆಪರೇಷನ್ ಅಥವಾ ವಿಕಿರಣ.

ಊರಿನಿಂದ ಊರಿಗೆ ಈ ಮಾತಿನ ತೂಕ ಬದಲಾಗುತ್ತದೆ. ಬೆಂಗಳೂರಿನವರಿಗೆ ತಪಾಸಣೆ ಎಂದರೆ ಅರ್ಧ ದಿನದ ಕೆಲಸ. ಘಟ್ಟದ ಮೇಲಿನ ಹಳ್ಳಿಯವರಿಗೆ ಅದು ಸುಮಾರು 220 ಕಿಲೋಮೀಟರ್, ಎರಡು ದಿನದ ಕೂಲಿ, ಜೊತೆಗೆ ಒಬ್ಬ ಮಗ. ನಮ್ಮ ಕಡೆ ಆಸ್ಪತ್ರೆಯ ಇತಿಹಾಸ ಎಂದರೆ ಬಹುಪಾಲು ದಾರಿಯ ಇತಿಹಾಸ. 1979ರಲ್ಲಿ ಹಾಸನ-ಮಂಗಳೂರು ರೈಲು ಬಂದ ಮೇಲೆ ಕರಾವಳಿಯ ಆಸ್ಪತ್ರೆಗಳು ಹತ್ತಿರವಾದವು. 1996ರಲ್ಲಿ ಹಳಿ ಬದಲಿಸಲು ಅದು ನಿಂತಾಗ ಮತ್ತೆ ದೂರವಾದವು, ಪ್ರಯಾಣಿಕರ ರೈಲು ಮರಳಿದ್ದು 2007ರ ಕೊನೆಗೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಈಗಲೂ ದಾರಿ ಬಂದ್. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಶುರುವಾದದ್ದು 1973ರಲ್ಲಿ. ಹಾಸನಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು, ಅಂದರೆ ಹಿಮ್ಸ್, ಬಂದದ್ದು 2006ರಲ್ಲಿ. ಮೊದಲ ಪರೀಕ್ಷೆಗೆ ಈಗ ಬೆಂಗಳೂರಿಗೆ ಓಡಬೇಕಾಗಿಲ್ಲ. ಪಿಎಸ್‌ಎಗೆ ಬೇಕಾದದ್ದು ಒಂದು ಸಣ್ಣ ರಕ್ತದ ಮಾದರಿ ಅಷ್ಟೇ.

ಅವಸರ ಬೇಡ ಎನ್ನಲು ಇನ್ನೊಂದು ಕಾರಣ ಇದೆ. ಬ್ರಿಟನ್ನಿನಲ್ಲಿ ಬೇಗ ಪತ್ತೆಯಾದ 1643 ಗಂಡಸರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಆಪರೇಷನ್, ಒಂದಕ್ಕೆ ವಿಕಿರಣ, ಒಂದಕ್ಕೆ ಬರೀ ನಿಗಾ. 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಮೂರೂ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಸುಮಾರು ನೂರಕ್ಕೆ ಮೂವರು ಮಾತ್ರ. ನಿಗಾದಲ್ಲಿದ್ದವರಲ್ಲಿ ಐವರಲ್ಲಿ ಮೂವರು ಮುಂದೆ ಚಿಕಿತ್ಸೆ ಪಡೆದರು, ಉಳಿದವರಿಗೆ ಬೇಕಾಗಲೇ ಇಲ್ಲ. ಸೌಮ್ಯ ಕ್ಯಾನ್ಸರ್ ಎಂದು ಬಯಾಪ್ಸಿ ಹೇಳಿದರೆ ಸುಮ್ಮನೆ ಗಮನಿಸುತ್ತಾ ಇರುವುದೂ ಒಂದು ಚಿಕಿತ್ಸೆ. ನಾಳೆಯೇ ಅರ್ಧ ಎಕರೆ ಮಾರಬೇಕಾಗಿಲ್ಲ. ಆದರೆ ಇವರೆಲ್ಲ ನೋವು ಬರುವ ಮೊದಲೇ ಪರೀಕ್ಷೆ ಮಾಡಿಸಿಕೊಂಡವರು. ಸೊಂಟ ನೋವು ಬಂದ ಮೇಲೆ ಹೋದವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಹೊರಡುವ ಮೊದಲು ಕೇಳಿ

ವೈದ್ಯರ ಎದುರು ಕೂತಾಗ ಮಾತು ಮರೆತುಹೋಗುತ್ತದೆ. ಚೀಟಿಯಲ್ಲಿ ಬರೆದುಕೊಂಡು ಹೋಗಿ.

ನನ್ನದು ಬೆಳೆದ ಗ್ರಂಥಿಯೋ, ಕ್ಯಾನ್ಸರೋ? ಬಯಾಪ್ಸಿಯಲ್ಲಿ ಎಷ್ಟು ಉಗ್ರ ಎಂದು ಬಂದಿದೆ?

ಬರೀ ನಿಗಾ ಇಟ್ಟರೆ ಸಾಕಾಗುತ್ತದೆಯೇ? ಆಪರೇಷನ್, ವಿಕಿರಣ, ಹೈಫು ಮೂರರಲ್ಲಿ ನನಗೆ ಹೊಂದುವುದು ಯಾವುದು, ಯಾಕೆ?

ಈ ಆಸ್ಪತ್ರೆಯಲ್ಲಿ ಇದುವರೆಗೆ ಎಷ್ಟು ಮಂದಿಗೆ ಹೈಫು ಮಾಡಿದ್ದೀರಿ? ಅವರಲ್ಲಿ ಎಷ್ಟು ಮಂದಿ ಮತ್ತೆ ಚಿಕಿತ್ಸೆಗೆ ಬಂದರು?

ಮುಂದಿನ ತಪಾಸಣೆಯ ರಕ್ತ ಪರೀಕ್ಷೆ ಹಾಸನದಲ್ಲೇ ಮಾಡಿಸಿ ವರದಿ ಕಳಿಸಬಹುದೇ? ಪೈಪು ತೆಗೆಸಲು ಇಲ್ಲಿಗೇ ಬರಬೇಕೇ?

ಚಿಕಿತ್ಸೆ, ಎಂಆರ್‌ಐ, ಎರಡನೇ ಸಲ ಬೇಕಾದರೆ ಅದು, ಎಲ್ಲ ಸೇರಿ ಖರ್ಚು ಎಷ್ಟು? ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಇದು ಬರುತ್ತದೆಯೇ? ಇದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ದಿನ ಗೊತ್ತು ಮಾಡುವ ಮೊದಲೇ ಕೇಳಿ, ಬರೆಸಿಕೊಳ್ಳಿ.

ದಿನ ಗೊತ್ತು ಮಾಡುವಾಗ ಕಾಫಿ ಕುಯ್ಲು, ಮಳೆಗಾಲ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೈಪು ಹಾಕಿಕೊಂಡಿರುವ ಎರಡು ವಾರದಲ್ಲಿ ಘಾಟಿ ಬಂದ್ ಆಗಬಾರದು.

ಶಬ್ದದಿಂದ ಮೀನು ಸತ್ತದ್ದನ್ನು ಕಂಡ ಕಾಲದಿಂದ ಅಕ್ಕಿಕಾಳಿನಷ್ಟು ಜಾಗವನ್ನು ಗುರಿಯಿಟ್ಟು ಸುಡುವ ಕಾಲಕ್ಕೆ ಬರಲು ವಿಜ್ಞಾನಕ್ಕೆ ಸುಮಾರು 75 ವರ್ಷ ಹಿಡಿಯಿತು. ಅಷ್ಟು ಶ್ರಮದ ಫಲ ಕ್ಯಾನ್ಸರ್ ಇನ್ನೂ ಗ್ರಂಥಿಯೊಳಗೆ ಇರುವವರಿಗೆ ಮಾತ್ರ ಸಿಗುತ್ತದೆ. ಅದು ಒಳಗಿರುವಾಗಲೇ ತಿಳಿಯಬೇಕಾದರೆ 50 ದಾಟಿದ ಗಂಡಸು ಒಮ್ಮೆ ವೈದ್ಯರ ಹತ್ತಿರ ಬಾಯಿಬಿಟ್ಟು ಮಾತಾಡಬೇಕು. ಅಣ್ಣ ತಮ್ಮಂದಿರಿಗೋ ತಂದೆಗೋ ಈ ಕಾಯಿಲೆ ಇದ್ದವರು ಇನ್ನೂ ಬೇಗ ಮಾತಾಡಬೇಕು. ಅದಕ್ಕೆ ಯಾವ ಯಂತ್ರವೂ ಬೇಡ.